ಗೀವಣ್ಣನ ಕಾರಿನ ಎಡಗಡೆ ಸೀಟು

ಕಾರು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಪಾಸ್‌ಪೋರ್ಟಿನ ಫೋಟೋಗೂ ಈಗಿನ ನನ್ನ ಕೆನ್ನೆಗೂ ತಾಳೆಯಾಗದೆ ಗಡಿಯ ಅಧಿಕಾರಿ ನನ್ನನ್ನು ವಾಪಸ್ ಕಳಿಸಬಹುದಿತ್ತು. ರಾಗಿ ಹಿಟ್ಟನ್ನು ಇನ್ಯಾವುದೋ ಪುಡಿ ಅಂದುಕೊಂಡು ಹಿಡಿದಿಟ್ಟುಕೊಳ್ಳಬಹುದಿತ್ತು. ಬೆಟ್ಟದಿಂದ ಬಂಡೆ ಉರುಳಬಹುದಿತ್ತು, ಡ್ರೈವರಿಗೆ ತೂಕಡಿಕೆ ಬರಬಹುದಿತ್ತು, ನನಗೆ ವಾಂತಿ ಬರಬಹುದಿತ್ತು. ಅತ್ತ ಶಾರ್ಜಾದಲ್ಲಿ ವಿಮಾನ ಬದಲಿಸುವಾಗ ನಮ್ಮತ್ತೆ ವೀಲ್‌ಚೇರಿನಿಂದ ಎದ್ದು ಸೀದಾ ನಡೆದುಬಿಡಬಹುದಿತ್ತು, ಬೇರೆ ವಿಮಾನ ಹತ್ತಿ ಬೇರೆಯದೇ ದೇಶಕ್ಕೆ ಹೋಗಿಬಿಡಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಾನು ತಲುಪುವಷ್ಟರಲ್ಲಿ ಅವರು ಹೊರಗೆ ಬಂದು, ಗೊತ್ತುಗುರಿಯಿಲ್ಲದ ಊರಿನಲ್ಲಿ ಒಬ್ಬರೇ ನಿಂತಿರಬಹುದಿತ್ತು.

ಇವಿಷ್ಟನ್ನೂ ಹಿಂದಿನ ದಿನವೇ ದಿನಸಿ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಬರೆದಿಟ್ಟದ್ದು ಆಗುವುದಿಲ್ಲ ಎಂಬುದು ನನ್ನ ಹಳೆಯ ನಂಬಿಕೆ. ನಮ್ಮನೆಯವರು ಚೀಟಿಯನ್ನು ಎತ್ತಿ ಓದಿ, "ಭೂಕಂಪ ಬಿಟ್ಬಿಟ್ಟಿದೀಯಲ್ಲೇ ಮಂಗಳಾ" ಎಂದರು. ತಮಾಷೆಗೆ ಅಂದದ್ದು. ನಾನು ಅದನ್ನೂ ಸೇರಿಸಿದೆ.

ನಾವಿರುವುದು ಜಾರ್ಜಿಯಾ ದೇಶದ ರಾಜಧಾನಿ ತಿಬಿಲಿಸಿಯಲ್ಲಿ. ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ ಹಾಸ್ಟೆಲ್ ಹುಡುಗರಿಗೆ ಮೆಸ್ ನಡೆಸುತ್ತಿದ್ದವರು, ಇಲ್ಲಿ ಡಾಕ್ಟರಿಕೆ ಓದಲು ಬಂದ ನಮ್ಮ ಕಡೆಯ ಮಕ್ಕಳಿಗೆ ಅನ್ನ ಸಾರು ಹಾಕುತ್ತೇವೆ, ಅಷ್ಟೇ ವ್ಯತ್ಯಾಸ. ಬಂದು ಎರಡು ವರ್ಷವಾಯಿತು. ಬರೋಣ ಎಂದು ಹಠ ಹಿಡಿದವಳು ನಾನು. ಹೀಗೆ ಎಲ್ಲದಕ್ಕೂ ಹೆದರುವವಳು ಅಂಥ ಹಠ ಹಿಡಿದದ್ದು ಹೇಗೆಂದು ಕೇಳಬೇಡಿ. ಕ್ಯಾತ್ಸಂದ್ರದಲ್ಲೇ ಉಳಿದರೆ ಏನೇನಾಗಬಹುದು ಎಂಬುದರ ಪಟ್ಟಿ ಇನ್ನೂ ಉದ್ದವಿತ್ತು.

ಕುಣಿಗಲ್ ಕಡೆಯ ನಮ್ಮತ್ತೆಗೆ ಇದು ಹಿಡಿಸಲಿಲ್ಲ. ಮಾರ್ಕೋನಹಳ್ಳಿ ಅಣೆಕಟ್ಟೆಯ ನೀರು ಹರಿಯುವ ಗದ್ದೆಯನ್ನು ಎಪ್ಪತ್ತೆರಡರ ವಯಸ್ಸಿನಲ್ಲೂ ತಾವೇ ನಿಂತು ನೋಡಿಕೊಳ್ಳುವ ಹೆಂಗಸು. ನಾವು ಹೊರಟ ದಿನ ಬದುವಿನ ಮೇಲೆ ಕೂತವರು ಮನೆಗೇ ಬರಲಿಲ್ಲ. ಆಮೇಲೆ ಎರಡು ವರ್ಷ ಫೋನಿನಲ್ಲಿ ಮಗನ ಜೊತೆ ಮಾತ್ರ ಮಾತು. "ನಿನ್ ಹೆಂಡ್ತಿ ಚೆನ್ನಾಗವ್ಳಾ?" ಎಂದು ಕೇಳುತ್ತಿದ್ದರು. ಸ್ಪೀಕರಿನ ಪಕ್ಕದಲ್ಲೇ ಕೂತಿರುತ್ತಿದ್ದೆ. "ಚೆನ್ನಾಗವ್ಳೆ ಕಣವ್ವ" ಎಂದು ಇವರು ಹೇಳುತ್ತಿದ್ದರು. ನನ್ನ ಕ್ಷೇಮ ಸಮಾಚಾರ ಹೀಗೆ ನನ್ನ ಕಿವಿಯ ಮುಂದೆಯೇ ಓಡಾಡುತ್ತಿತ್ತು.

ಹೋದ ಆಗಸ್ಟಿನಲ್ಲಿ, ಅದೇನನ್ನಿಸಿತೋ, "ಒಂದ್ ಸಲ ಬಂದ್ ನೋಡ್ಕೊಂಡ್ ಹೋಯ್ತೀನಿ" ಎಂದರು. ಜಾರ್ಜಿಯಾ ಎರಡು ಸಲ ವೀಸಾ ಇಲ್ಲ ಎಂದಿತು. ಪಕ್ಕದ ಆರ್ಮೇನಿಯಾ ಒಂದೇ ವಾರದಲ್ಲಿ ಕೊಟ್ಟಿತು. ಅದರ ರಾಜಧಾನಿ ಯೆರೆವಾನಿನಲ್ಲಿ ಒಂದು ವಾರಕ್ಕೆ ಮನೆ ಹಿಡಿದು ಅಲ್ಲೇ ಭೇಟಿಯಾಗುವುದೆಂದು ತೀರ್ಮಾನವಾಯಿತು. ಮೆಸ್ಸಿನ ಒಲೆ ಬಿಟ್ಟು ಇಬ್ಬರೂ ಹೊರಡುವಂತಿಲ್ಲ. ನಮ್ಮನೆಯವರು ಮೂರು ದಿನ ಬಿಟ್ಟು ಬರುವುದು, ನಾನು ಮೊದಲು ಹೋಗಿ ಅತ್ತೆಯನ್ನು ಇಳಿಸಿಕೊಳ್ಳುವುದು. ಮಾತು ಬಿಟ್ಟ ಅತ್ತೆ, ಮೂರು ದಿನ, ಒಂದೇ ಕೋಣೆ. ಹೊತ್ತಿಗೆ ಸರಿಯಾಗಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನಾನಿಲ್ಲದಿದ್ದರೆ ಮುಂದಿನದು ಹೇಳಬೇಕಾಗಿಲ್ಲ. "ಆವತ್ತು ನಡುದಾರೀಲಿ ನಿಲ್ಸುದ್ಲು" ಎಂಬ ಮಾತು ಕುಣಿಗಲ್ಲಿನಿಂದ ಗುಬ್ಬಿಯ ನನ್ನ ತವರಿನವರೆಗೆ ನಾನಿರುವ ತನಕ ಓಡಾಡುತ್ತದೆ.

ಕರೆದೊಯ್ಯಲು ಒಪ್ಪಿದವರು ಕೆಳಮನೆಯ ಗೀವಿ. ಇಲ್ಲಿ ದೊಡ್ಡವರನ್ನು 'ಬತೋನೋ' ಎನ್ನಬೇಕು. ನಮ್ಮ 'ಸ್ವಾಮಿ' ಇದ್ದಹಾಗೆ. ನಾನು ಬಾಯಲ್ಲಿ ಬತೋನೋ ಎಂದರೂ ಮನಸ್ಸಿನಲ್ಲಿ ಗೀವಣ್ಣ ಮಾಡಿಕೊಂಡಿದ್ದೇನೆ. ಬಂದ ಹೊಸದರಲ್ಲಿ ಕೊತ್ತಂಬರಿ ಸೊಪ್ಪು ಕೇಳಲು ಗೊತ್ತಾಗದೆ ಮಾರುಕಟ್ಟೆಯಲ್ಲಿ ಮೂಸಿ ಮೂಸಿ ತೋರಿಸುತ್ತಿದ್ದವಳಿಗೆ 'ಕಿಂಡ್ಜಿ' ಎಂಬ ಪದ ಕೊಟ್ಟವರು ಅವರು. ಕಾಸು ಹಾಕಿದರೆ ಮಾತ್ರ ಮೇಲೇರುವ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಾನು ಸಿಕ್ಕಿಕೊಂಡು ಕನ್ನಡದಲ್ಲಿ ಕೂಗಿಕೊಂಡಾಗ ಬಾಗಿಲು ಬಡಿದು ಧೈರ್ಯ ಹೇಳಿದವರೂ ಅವರೇ. ಆಗ ಹೇಳಿದ್ದು 'ನು ಗೆಷಿನಿಯಾ'. ಅಂದರೆ ಹೆದರಬೇಡ. ಈ ದೇಶದಲ್ಲಿ ಜನ ನನಗೆ ಇಷ್ಟೊಂದು ಸಲ ಹೇಳಿದ ಮಾತು ಇನ್ನೊಂದಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಟೆವು. ತುಮಕೂರಿನಿಂದ ಮಂಗಳೂರಿಗೆ ಹೋದಷ್ಟು ದೂರ. ವಿಮಾನ ಇಳಿಯುವುದು ಎರಡು ಗಂಟೆಗೆ. ಕಾರು ಹತ್ತಿದ ಮೇಲೆ ಗೊತ್ತಾಯಿತು, ಬಹು ಮುಖ್ಯವಾದದ್ದೊಂದು ಪಟ್ಟಿಯಲ್ಲಿ ಬಿಟ್ಟುಹೋಗಿತ್ತೆಂದು.

ಇಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಗೀವಣ್ಣನದು ಜಪಾನಿನಿಂದ ಬಂದ ಹಳೆಯ ಕಾರು. ಸ್ಟೀರಿಂಗ್ ಕೂಡ ಬಲಗಡೆ. ಅಂದರೆ ಸ್ಟೀರಿಂಗು ನಮ್ಮೂರಿನದು, ರಸ್ತೆ ಅವರೂರಿನದು. ನನ್ನ ಸಂಸಾರದ ಈಗಿನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಅದನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಆದರೆ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದರೆ ಬಲಗಡೆ ಕೂತ ಗೀವಣ್ಣನಿಗೆ ಎದುರು ರಸ್ತೆ ಕಾಣುವುದಿಲ್ಲ. ಎಡಗಡೆ ಕೂತವರಿಗೆ ಕಾಣುತ್ತದೆ. ಎಡಗಡೆ ಕೂತವಳು ನಾನು.

"ಖಾಲಿ ಇದೆಯಾ?" ಗೀವಣ್ಣ ಕೇಳುತ್ತಿದ್ದರು.

"ಅರಾ" ಎನ್ನುತ್ತಿದ್ದೆ. ಅರಾ ಎಂದರೆ ಇಲ್ಲ.

"ಈಗ?"

"ಅರಾ."

"ಏನು ಬರ್ತಿದೆ?"

"ಏನೂ ಬರ್ತಿಲ್ಲ. ಬಂದ್ರೆ?"

ನನ್ನ ಅರೆಬರೆ ಭಾಷೆಯಲ್ಲಿ 'ಬಂದ್ರೆ' ಎಂಬುದನ್ನು ಸರಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಗೀವಣ್ಣ ನಕ್ಕರು.

ಗಡಿಯಲ್ಲಿ ಪ್ರಯಾಣಿಕರು ಇಳಿದು ನಡೆದುಹೋಗಬೇಕು, ಕಾರು ಬೇರೆ ಸಾಲಿನಲ್ಲಿ ಬರಬೇಕು. ಒಂದು ಗಂಟೆ ಅಲ್ಲೇ ಹೋಯಿತು. ಆಚೆ ಬದಿಯಲ್ಲಿ ಕಸ್ಟಮ್ಸ್‌ನವನು ಡಿಕ್ಕಿ ತೆಗೆಸಿ, ರಬ್ಬರ್‌ಬ್ಯಾಂಡ್ ಸುತ್ತಿದ ಪ್ಲಾಸ್ಟಿಕ್ ಕವರನ್ನು ಎರಡು ಬೆರಳಲ್ಲಿ ಎತ್ತಿದ. ಎರಡು ಕೇಜಿ ರಾಗಿ ಹಿಟ್ಟು. ರಜೆ ಮುಗಿಸಿ ಬಂದ ಶಿರಾ ಕಡೆಯ ಹುಡುಗಿಯೊಬ್ಬಳು ಹೊತ್ತು ತಂದದ್ದು. ಅತ್ತೆಗೆ ಇಳಿದ ದಿನವೇ ಮುದ್ದೆ ಹಾಕಬೇಕೆಂದು ಕಟ್ಟಿಕೊಂಡಿದ್ದೆ. ಅವನು ಏನೋ ಕೇಳಿದ. ನಾನು ತಿನ್ನುವ ಸನ್ನೆ ಮಾಡಿದೆ. ಅವನ ಮುಖ ಇನ್ನೂ ಗಂಭೀರವಾಯಿತು. ಅಷ್ಟರಲ್ಲಿ ಗೀವಣ್ಣ ಬಂದು "ಕಾಶಾ, ಕಾಶಾ" ಎಂದರು. ರಷ್ಯನ್ನಿನಲ್ಲಿ ಗಂಜಿ. ಆಮೇಲೆ ಗಂಟಲು ಹಿಡಿದುಕೊಂಡು ಏನನ್ನೋ ಕಷ್ಟಪಟ್ಟು ನುಂಗುವ ಅಭಿನಯ ಮಾಡಿದರು. ಒಮ್ಮೆ ನಮ್ಮ ಮನೆಯಲ್ಲಿ ಮುದ್ದೆಯನ್ನು ಕಾಲುಗಂಟೆ ಅಗಿದವರು ಅವರು. ಅಗಿಯಬಾರದು ಎಂದು ಹೇಳಲು ನನಗೆ ಪದ ಗೊತ್ತಿರಲಿಲ್ಲ. ಕಸ್ಟಮ್ಸ್‌ನವನು ಜೋರಾಗಿ ನಕ್ಕು ಕವರನ್ನು ಒಳಗಿಟ್ಟ. ಪಟ್ಟಿಯಲ್ಲಿ ಒಂದನ್ನು ಹೊಡೆದುಹಾಕಿದೆ.

ಅಲ್ಲಿಂದ ಬೆಟ್ಟ. ನನಗೆ ಗೊತ್ತಿದ್ದ ಘಾಟ್ ರಸ್ತೆಯೆಂದರೆ ದೇವರಾಯನದುರ್ಗದ್ದು. ಹತ್ತಿ, ಕೈಮುಗಿದು, ಚಿತ್ರಾನ್ನ ತಿಂದು ಇಳಿದುಬರುವಂಥದ್ದು. ಇಲ್ಲಿ ಬೆಟ್ಟ ಮುಗಿಯಿತು ಎಂದುಕೊಂಡಾಗ ಅದರ ಹಿಂದಿನ ಬೆಟ್ಟ ಎದ್ದು ನಿಲ್ಲುತ್ತಿತ್ತು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಎಲ್ಲೋ ಪಾತಾಳದಲ್ಲಿ ಹೊಳೆ. ಕಾಡೆಲ್ಲ ಹಳದಿ, ಕೆಂಪು. ಜನ ಇದನ್ನು ನೋಡಲೆಂದೇ ದುಡ್ಡು ಕೊಟ್ಟು ಬರುತ್ತಾರಂತೆ. ನಾನು ನೋಡಿದ್ದು ಮುಂದಿನ ಲಾರಿಯ ಹಿಂಬದಿಯನ್ನು. ಬೆಟ್ಟದ ಮೇಲೆಲ್ಲೋ ಇಗರ್ಜಿ ಕಂಡಾಗಲೆಲ್ಲ ಗೀವಣ್ಣ ಸ್ಟೀರಿಂಗಿನಿಂದ ಬಲಗೈ ಎತ್ತಿ ಎದೆಯ ಮೇಲೆ ಮೂರು ಸಲ ಶಿಲುಬೆ ಬರೆದುಕೊಳ್ಳುತ್ತಿದ್ದರು, ತಿರುವಿನಲ್ಲೂ. ನಮ್ಮ ಬಸ್ ಡ್ರೈವರುಗಳು ಗುಡಿ ಕಂಡರೆ ಒಂದು ಸಲ ಎದೆ ಮುಟ್ಟಿಕೊಂಡು ಮುಗಿಸುತ್ತಾರೆ. ಮೂರು ಸಲ ಎಂದರೆ ತಿರುವಿಗೆ ಸ್ವಲ್ಪ ಜಾಸ್ತಿಯೇ.

ಹನ್ನೆರಡೂವರೆಗೆ ನಮ್ಮನೆಯವರ ಫೋನು.

"ಎಲ್ಲಿದೀಯೇ?"

"ಲಾರಿ ಹಿಂದೆ."

"ಯಾವ ಲಾರಿ?"

"ಬೆಳಿಗ್ಗೆ ಹೇಳಿದ್ನಲ್ಲ, ಅದೇ ಲಾರಿ."

"ಅದೇನ್ ಮೆರವಣಿಗೆನಾ? ಶಾರ್ಜಾದಿಂದ ವಿಮಾನ ಟೈಮಿಗೇ ಎದ್ದೈತೆ ಕಣೇ. ಅವ್ವ ಹತ್ತೌಳೆ. ಗೀವಿಗೆ ಹೇಳು, ಸೈಡ್ ಹೊಡೀಲಿ ಅಂತ."

"ಅವ್ರೇನೋ ಹೊಡೀತಾರೆ. ನಾನು ಹೂಂ ಅನ್ಬೇಕು."

ಆಚೆ ಒಗ್ಗರಣೆ ಚಟಪಟಗುಟ್ಟಿತು. "ಹಂಗಾದ್ರೆ ಕಷ್ಟ ಬಿಡು" ಎಂದು ಇಟ್ಟರು. ನನ್ನ ಜೊತೆ ಇಪ್ಪತ್ತೆರಡು ವರ್ಷ ಬಾಳಿದ ಮನುಷ್ಯ.

ಇಷ್ಟು ಹೊತ್ತೂ ನಾನು ಅಪಘಾತಕ್ಕೆ ಹೆದರಿ ಬೇಡ ಬೇಡ ಎನ್ನುತ್ತಿದ್ದೆ. ಹಾಗೆ ಅಂದದ್ದರಿಂದಲೇ ಎಲ್ಲಕ್ಕಿಂತ ಕೆಟ್ಟದ್ದು ಆಗುವುದರಲ್ಲಿತ್ತು. ಬಂಡೆ ಉರುಳಿರಲಿಲ್ಲ, ಕಾರು ಕೆಟ್ಟಿರಲಿಲ್ಲ. ದಾರಿಗೆ ಅಡ್ಡ ಇದ್ದವಳು ನಾನೊಬ್ಬಳೇ. ಅತ್ತೆ ಚೀಲ ಹಿಡಿದು, ಸೆರಗು ಹೊದ್ದು, ಯಾರ ಭಾಷೆಯೂ ಬಾರದೆ, ಬರುವ ಹೋಗುವ ಮುಖಗಳಲ್ಲಿ ನನ್ನದನ್ನು ಹುಡುಕುತ್ತ ನಿಂತದ್ದು ಕಣ್ಣಿಗೆ ಕಟ್ಟಿತು. ಅವರು ಮೊದಲ ಸಲ ನನ್ನನ್ನು ಹುಡುಕುತ್ತಿರುವುದು, ಆಗ ನಾನಿಲ್ಲ.

ದಿಲಿಜಾನ್ ಎಂಬ ಊರು ದಾಟಿ ರಸ್ತೆ ಹಾವಿನಂತೆ ಮೇಲೇರುತ್ತಿತ್ತು. ಒಂದು ತಿರುವಿನ ಮುಂದೆ ನೇರ ದಾರಿ ತೆರೆದುಕೊಂಡಿತು. ಕತ್ತು ಚಾಚಿ ನೋಡಿದೆ. ಒಂದು ನರಪಿಳ್ಳೆಯೂ ಇಲ್ಲ. ಮತ್ತೊಮ್ಮೆ ನೋಡಿದೆ.

"ಖಾಲಿ?" ಗೀವಣ್ಣ ಈಗ ಆಸೆಯಿಲ್ಲದ ದನಿಯಲ್ಲಿ, ರೂಢಿಗೆ ಕೇಳಿದರು.

"ಕೀ" ಎಂದೆ. ಹೂಂ ಎಂದರ್ಥ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಗೀವಣ್ಣ ರಸ್ತೆ ಬಿಟ್ಟು ನನ್ನ ಮುಖ ನೋಡಿದರು. "ನಿಜವಾಗಿ?"

"ಕೀ, ಕೀ! ಹೋಗಿ ಅಂದ್ರೆ, ಹೋಗಿ!" ಎರಡನೆಯ ವಾಕ್ಯ ಕನ್ನಡದಲ್ಲೇ ಬಂತು. ಅವರಿಗೆ ಅರ್ಥವಾಯಿತು.

ಕಾರು ಎಡಕ್ಕೆ ಸರಿದು ಗೊರಗೊರ ಎನ್ನುತ್ತ ಮುಂದೆ ನುಗ್ಗಿತು. ನಾನು ಕಣ್ಣು ಮುಚ್ಚುವಂತಿಲ್ಲ, ಕಾರಿನ ಕಣ್ಣೇ ನನ್ನದು. ಲಾರಿಯ ಪಕ್ಕ ಬಂದಾಗ ಅದರ ಡ್ರೈವರ್ ಕಂಡ. ಸೇಬು ಕಚ್ಚುತ್ತಿದ್ದ. ಮೂರು ಗಂಟೆ ಹಿಂಬಾಲಿಸಿದವನ ಮುಖ ನೋಡಿದ್ದು ಆಗಲೇ. ಮತ್ತೆ ಬಲಕ್ಕೆ ಬಂದಾಗ ಗೀವಣ್ಣ ಸ್ಟೀರಿಂಗಿನ ಮೇಲೆ ತಾಳ ಹಾಕಿದರು. ಮುಂದೆ ಒಂದು ವ್ಯಾನು, ಆಮೇಲೆ ಇನ್ನೆರಡು ಲಾರಿ. ಕೀ. ಕೀ. ಕೀ. ಸುರಂಗ ದಾಟಿದೊಡನೆ ಕಾಡೆಲ್ಲ ಮಾಯವಾಗಿ ಬೋಳು ಗುಡ್ಡ, ಅದರ ನಡುವೆ ಕಣ್ಣು ಮುಟ್ಟದಷ್ಟು ನೀಲಿ ನೀರು, ಸೆವಾನ್ ಸರೋವರ. ಆ ನೀರನ್ನು ಮಾತ್ರ ನಾನು ನೋಡಿದೆ. ಅತ್ತೆ ಕಂಡರೆ ಇದಕ್ಕೆ ತೂಬು ಎಲ್ಲಿ ಎಂದು ಕೇಳುತ್ತಾರೆ ಅನ್ನಿಸಿ, ಬೆಳಿಗ್ಗೆಯಿಂದ ಮೊದಲ ಸಲ ನಗು ಬಂತು.

ಎರಡೂ ಇಪ್ಪತ್ತಕ್ಕೆ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿದ್ದೆ. ಬರೆದಿಟ್ಟಿದ್ದರಲ್ಲಿ ಒಂದೂ ಆಗಲಿಲ್ಲ. ಕಾಲು ಗಂಟೆ ಕಳೆದ ಮೇಲೆ ಗಾಜಿನ ಬಾಗಿಲು ತೆರೆದು ಅತ್ತೆ ಬಂದರು, ನಡೆದುಕೊಂಡು. ವೀಲ್‌ಚೇರಿನಲ್ಲಿ ಅವರ ಚೀಲ ಕೂತಿತ್ತು. ತಳ್ಳುವವನು ಅದನ್ನು ತಳ್ಳುತ್ತ ಹಿಂದೆ ಬರುತ್ತಿದ್ದ.

"ನಂಗೇನಾಗೈತೆ ಅಂತ ಕುಂಡ್ರುಸ್ತಾನೆ ಇವ್ನು" ಎಂದರು, ಯಾರಿಗೋ ಎಂಬಂತೆ. ಆಮೇಲೆ ನನ್ನನ್ನು ನೋಡಿದರು. ಎರಡು ವರ್ಷದ ಮೇಲೆ, ನೇರವಾಗಿ ನನಗೆ, "ಬಂದಿದ್ಯಾ?" ಎಂದರು.

ಓಡಿದೆ. ಓಡಿಹೋಗಿ ಅವರ ಎರಡೂ ಭುಜ ಹಿಡಿದು ಕೆನ್ನೆಗೆ ಮುತ್ತು ಕೊಟ್ಟೆ.

ಜಾರ್ಜಿಯಾದಲ್ಲಿ ಹಾಗೆ. ಗೀವಣ್ಣನ ಹೆಂಡತಿ, ಮನೆ ಓನರಮ್ಮ, ಮೊಸರು ಮಾರುವ ಅಜ್ಜಿ, ಕಂಡವರೆಲ್ಲ ಕೆನ್ನೆಗೊಂದು ಮುತ್ತು ಕೊಟ್ಟೇ ಮಾತು ಶುರುಮಾಡುವುದು. ಮೊದಮೊದಲು ಕಂಬದಂತೆ ನಿಲ್ಲುತ್ತಿದ್ದೆ. ಮೈ ಯಾವತ್ತು ಅದನ್ನು ಕಲಿತುಬಿಟ್ಟಿತೋ ನನಗೆ ಗೊತ್ತಿಲ್ಲ, ನನ್ನನ್ನಂತೂ ಕೇಳಿರಲಿಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ ಯಾವ ಸೊಸೆಯೂ ಅತ್ತೆಗೆ ಹೀಗೆ ಮಾಡಿದ ಉದಾಹರಣೆಯಿಲ್ಲ.

"ಅಯ್ಯಯ್ಯೋ, ಇದೇನೇ ಇದು! ಬುಡು, ಜನ ನೋಡ್ತಾರೆ" ಎಂದು ಅತ್ತೆ ಎಡಗೈಯಲ್ಲಿ ಸೆರಗು ಹಿಡಿದು ಕೆನ್ನೆ ಒರೆಸಿಕೊಂಡರು.

ಬಲಗೈಯನ್ನು ಆಗ ನೋಡಿದೆ. ನಾನು ಬಗ್ಗಿ ಕಾಲು ಮುಟ್ಟಿದ್ದರೆ ನನ್ನ ತಲೆ ಎಲ್ಲಿರುತ್ತಿತ್ತೋ ಅಷ್ಟೇ ಎತ್ತರದಲ್ಲಿ, ಬೆರಳು ಬಿಡಿಸಿಕೊಂಡು, ಅಂಗೈ ಕೆಳಗೆ ಮಾಡಿಕೊಂಡು, ಅದು ಇನ್ನೂ ಹಾಗೇ ನಿಂತಿತ್ತು.