ಎರಡು ಡಿಸ್ಕು ಕೂಡಿಸಬಾರದೆಂದ ಮೇಡಂ

ಮೇಡಂ ಅವರ ಬಲಗೈಯ ಮೂರು ಬೆರಳುಗಳ ತುದಿ ಚಪ್ಪಟೆಯಾಗಿತ್ತು. ರಟ್ಟಿನ ಕಾರ್ಡಿಗೆ ತೂತು ಹೊಡೆದು ಅಂಕಿ ದಾಖಲಿಸುವ ಹಳೆಯ ಪಂಚ್ ಕಾರ್ಡ್ ಯಂತ್ರದ ಕೀಲಿಯನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾಗಿತ್ತು. ಆ ಬೆರಳುಗಳಿಂದ ನನ್ನ ಮೇಜು ಕುಟ್ಟಿಯೇ ಮಾತು ಶುರುಮಾಡುತ್ತಿದ್ದರು. ಅದರಲ್ಲಿ ಒಳ್ಳೆಯ ಮಾತು ಒಂದೂ ಇರುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆ. ರಾಜಾಜಿನಗರದಲ್ಲಿ ಲೇತ್ ಶೆಡ್ಡೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಪರೀಕ್ಷೆಯ ಅಂಕಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಟೈಪಿಸುವ ಎಂಟು ಹೆಣ್ಣುಮಕ್ಕಳಿಗೆ ಅವರು ಸೂಪರ್‌ವೈಸರ್, ನಾನು ಯಂತ್ರ ನೋಡಿಕೊಳ್ಳುವ ಒಬ್ಬನೇ ಇಂಜಿನಿಯರ್. ಕಾರ್ಡಿನ ಕಾಲದ ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ: ಒಬ್ಬರು ಟೈಪಿಸಿದ್ದನ್ನು ಇನ್ನೊಬ್ಬರು ನೋಡದೆ ಮತ್ತೆ ಟೈಪಿಸಬೇಕು, ಎರಡೂ ಹೊಂದಿದರೆ ಮಾತ್ರ ಒಳಗೆ. ಇದು ದಂಡದ ಕೆಲಸ ಎಂದು ನಾನು ಮಾಲೀಕರಿಗೆ ಒಮ್ಮೆ ಹೇಳಿದ್ದೆ. ಅಂದಿನಿಂದ ನನ್ನನ್ನು ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. ನನಗೂ ಅಷ್ಟೇ.

ಆ ವರ್ಷ ದೊಡ್ಡದೊಂದು ಪಟ್ಟಿ ಬಂತು. ಇದ್ದದ್ದು ಎರಡು ಹಾರ್ಡ್ ಡಿಸ್ಕು. ಎರಡನ್ನೂ ಕೂಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ನಡೆಸುವುದೋ, ಎರಡರಲ್ಲೂ ಅದೇ ಪಟ್ಟಿಯ ಒಂದೊಂದು ಪ್ರತಿ ಇಡುವುದೋ? ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬಸ್ ಸ್ಟಾಪಿನಿಂದ ವಾಪಸು ಬಂದು ಮತ್ತೆ ಜಗ್ಗುವವನು ನಾನು. ಆದರೆ ಆಗ ನನ್ನ ಹೆದರಿಕೆಯೆಲ್ಲ ಜಾಗ ಸಾಲದೆ ಹೋದೀತು ಎಂಬುದಾಗಿತ್ತು. ಕೂಡಿಸೋಣ ಎಂದೆ.

ಮಾಲೀಕರ ಎದುರೇ ಮೇಡಂ ಕೇಳಿದರು: “ಒಂದು ಕೆಟ್ರೆ ಇನ್ನೊಂದ್ರಲ್ಲಿ ಏನಿರತ್ತೆ?”

“ಅರ್ಧ ಇರತ್ತೆ. ಆದ್ರೆ ಎರಡಕ್ಕೂ ಚೂರುಚೂರಾಗಿ ಹಂಚಿರತ್ತೆ, ಒಂದರಿಂದಲೇ ಓದಕ್ಕಾಗಲ್ಲ.”

“ಅಂದ್ರೆ ಒಂದು ಸತ್ರೆ ಇನ್ನೊಂದನ್ನ ಜೀವಂತ ಹೂಳ್ಬೇಕು. ಇದಕ್ಕೆ ಇಂಜಿನಿಯರಿಂಗ್ ಓದಿದ್ರಾ?”

ಮಾಲೀಕರು ನನ್ನ ಡಿಗ್ರಿಯ ಕಡೆ ವಾಲಿದರು. ಪಟ್ಟಿ ಪೂರ್ತಿಯಾದ ಮೇಲೆ ಫ್ಲಾಪಿಗೆ ಒಂದು ಪ್ರತಿ ಇಳಿಸಿದರಾಯಿತು ಎಂದು ನಾನೂ ಬಿಟ್ಟೆ. ಪಟ್ಟಿ ಒಪ್ಪಿಸಲು ಎರಡು ವಾರವಿದ್ದಾಗ, ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಒಂದು ಡಿಸ್ಕು ಕರ್ರೆಂದು ನಿಂತಿತು. ಮೂರು ವಾರದ ಕೆಲಸ ಅಷ್ಟೂ ಹೋಯಿತು. ಮಾಲೀಕರು ನನಗೆ ನಾಳೆಯಿಂದ ಬರಬೇಡ ಎಂದರು. ನನಗೆ ಮದುವೆಯಾಗಿ ಎರಡು ತಿಂಗಳಾಗಿತ್ತು.

ಮೇಡಂ ತಲೆಯೆತ್ತದೆ ಹೇಳಿದರು: “ಆಮೇಲೆ ತೆಗೀರಿ ಸಾರ್. ಹತ್ತು ಬೆರಳಿವೆಯಲ್ಲ, ಈಗ ಕೂತು ಟೈಪ್ ಮಾಡ್ಲಿ.”

ಭಾನುವಾರವೂ ಬಿಡದೆ ಆ ಹೆಣ್ಣುಮಕ್ಕಳ ಸಾಲಿನ ಕೊನೆಯಲ್ಲಿ ಕೂತೆ. ನನ್ನ ಪ್ರತಿ ಸಾಲನ್ನೂ ಇನ್ನೊಬ್ಬರು ಮತ್ತೆ ಟೈಪಿಸಿದರು. ಅತಿ ಹೆಚ್ಚು ತಪ್ಪು ನನ್ನವೇ. ಎಪ್ಪತ್ತೊಂದು ತೆಗೆದ ಹುಡುಗಿಯೊಬ್ಬಳಿಗೆ ಹದಿನೇಳು ಕೊಟ್ಟಿದ್ದೆ. ಮೇಡಂ ಹಾಳೆಯನ್ನು ಎಲ್ಲರ ಎದುರು ಎತ್ತಿ ಹಿಡಿದರು. “ಈ ಮಗು ಫೇಲು. ಇಂಜಿನಿಯರ್ ಕೃಪೆ.”

ಹೇಳಿದ ದಿನಕ್ಕೇ ಪಟ್ಟಿ ಒಪ್ಪಿಸಿದೆವು. ಉಳಿದಿದ್ದ ಒಂದೇ ಡಿಸ್ಕಿನಲ್ಲಿ ಅಷ್ಟೂ ಹಿಡಿಸಿ, ಜಾಗವೂ ಮಿಕ್ಕಿತ್ತು. ಆ ಸಂತೋಷದಲ್ಲಿ ಮಾಲೀಕರು ನನ್ನನ್ನು ತೆಗೆಯುವುದನ್ನು ಮರೆತರು. ಮೇಡಂ ನೆನಪಿಸಲಿಲ್ಲ. ಥ್ಯಾಂಕ್ಸ್ ಹೇಳಲು ಹೋದರೆ, “ದಾರಿ ಬಿಡಿ, ಬಸ್ಸಿಗೆ ಹೊತ್ತಾಯ್ತು” ಎಂದರು.

ವರ್ಷಗಳ ಮೇಲೆ ಅವರು ತೀರಿಕೊಂಡಾಗ ಅತ್ತಿಗುಪ್ಪೆಯ ಅವರ ಮನೆಗೆ ಹೋಗಿದ್ದೆ. ಅಳು ಬರಲಿಲ್ಲ, ಬಾರದ್ದಕ್ಕೆ ಜನ ಏನೆಂದುಕೊಂಡಾರೋ ಎಂದು ಹೆದರುತ್ತ ನಿಂತೆ. ಆ ಡಿಸ್ಕು ಕೆಟ್ಟ ದಿನದಿಂದ ನಾನುಂಡ ಅನ್ನವೆಲ್ಲ ಅವರು ಬೈದು ಉಳಿಸಿಕೊಟ್ಟ ಕೆಲಸದ್ದು. ಅವರನ್ನು ಇಷ್ಟಪಡಲು ಮಾತ್ರ ನನ್ನಿಂದ ಆಗಲಿಲ್ಲ. ಅವರೂ ಅದನ್ನು ಕೇಳಿದವರಲ್ಲ.