ಮೊಯಿದಿನಬ್ಬ ಮಾಡಿದ ಬಾಗಿಲು

ಪಾಣೆಮಂಗಳೂರಿನ ನಮ್ಮ ಮನೆಯ ಬಾವಿಗೆ ಒಂದು ಮುಚ್ಚಳ ಬೇಕಿತ್ತು. ಬೆಕ್ಕು ಬೀಳಬಾರದು, ಅಷ್ಟೆ. ಪಕ್ಕದ ಮನೆಯ ಮೊಯಿದಿನಬ್ಬರಿಗೆ ಹೇಳಿದೆ. ಅವರು ಮಾಡಿಕೊಟ್ಟ ಮುಚ್ಚಳದ ಮೇಲೆ ಬಾಂಬು ಬಿದ್ದರೂ ಬಾವಿಗೆ ಏನೂ ಆಗದು. ಆದರೆ ಅದನ್ನು ಎತ್ತಲು ಇಬ್ಬರು ಗಟ್ಟಿ ಆಳುಗಳು ಬೇಕು. ಹಾಗಾಗಿ ನಾವು ಪಂಚಾಯತಿನ ನಳ್ಳಿ ನೀರು ಕುಡಿಯುತ್ತೇವೆ.

ಅವರನ್ನು ಬೈದು ಪ್ರಯೋಜನವಿಲ್ಲ. ಮೊಯಿದಿನಬ್ಬರ ಪ್ರಾಯವೆಲ್ಲ ಕಳೆದದ್ದು ಶಾರ್ಜಾದ ಒಂದು ಯಾರ್ಡಿನಲ್ಲಿ, ಗುಂಡು ತಡೆಯುವ ಗಾಡಿಗಳಿಗೆ ಉಕ್ಕಿನ ಹಾಳೆ ಬೆಸೆಯುತ್ತ. ಅಲ್ಲಿ ಅವರಿಗೆ ವಹಿಸಿದ್ದು ಬಾಗಿಲು. ಬೆಸುಗೆಯ ಬಿಸಿ ತಾಗಿದಲ್ಲಿ ಉಕ್ಕು ಮೆತ್ತಗಾಗುತ್ತದಂತೆ, ಅದಕ್ಕೆ ಪ್ರತಿ ಸಂದಿನ ಹಿಂದೆಯೂ ಇನ್ನೊಂದು ಪಟ್ಟಿ ಇಡಬೇಕಂತೆ. ಇದನ್ನೆಲ್ಲ ಬೆಕ್ಕಿಗೂ ಅನ್ವಯಿಸಬೇಕಾಗಿರಲಿಲ್ಲ.

ಸಂಜೆ ಮಸೀದಿಯಿಂದ ಬರುವಾಗ ನಮ್ಮ ಜಗಲಿಯಲ್ಲಿ ಕೂತರೆಂದರೆ ಟ್ಯಾಂಕಿನ ಪುರಾಣ ಶುರು. ಮೊದಮೊದಲು ಟ್ಯಾಂಕಿನ ಹಾಳೆಗಳನ್ನು ರಿವಿಟ್ ಮೊಳೆ ಹೊಡೆದು ಕೂಡಿಸುತ್ತಿದ್ದರು. ಹೊರಗೆ ಗುಂಡು ಬಡಿದರೆ ರಿವಿಟ್ಟು ಕಿತ್ತುಕೊಂಡು ಒಳಗಿನ ಸಿಪಾಯಿಗೇ ತಾಗುತ್ತಿತ್ತು. ಆಮೇಲೆ ವೆಲ್ಡರ್‌ಗಳು ಬಂದರು. ಈ ಮಾತು ಹೇಳುವಾಗ ಮೊಯಿದಿನಬ್ಬ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಹಾಳೆ ದಪ್ಪವಾದಂತೆ ತೋಪೂ ದೊಡ್ಡದಾಯಿತು. ಹಾಳೆಯನ್ನು ಇನ್ನೂ ದಪ್ಪ ಮಾಡಿದರೆ ಟ್ಯಾಂಕು ಹೊಳೆಯ ಸಂಕ ದಾಟುವಂತಿಲ್ಲ. ಆಗ ಯಾರಿಗೋ ಹಾಳೆಯನ್ನು ನಮ್ಮ ಮನೆಯ ಮಾಡಿನ ಹಾಗೆ ಓರೆಯಾಗಿ ಇಡುವ ಬುದ್ಧಿ ಬಂತು. ಮುಂದೆ ಉಕ್ಕಿನ ನಡುವೆ ಸುಟ್ಟ ಮಣ್ಣಿನಂಥ ಗಟ್ಟಿ ಬಿಲ್ಲೆಗಳನ್ನು ಇಟ್ಟರು. ಹೆಂಚೋ ಎಂದು ಕೇಳಿದೆ. ಹೆಂಚೇ, ಆದರೆ ನಿಮ್ಮ ಮನೆಯದ್ದಲ್ಲ ಎಂದರು. ಈಗ ಮೈತುಂಬ ಸಿಡಿಮದ್ದಿನ ಪೆಟ್ಟಿಗೆ ಕಟ್ಟಿಕೊಂಡ ಟ್ಯಾಂಕುಗಳೂ ಇವೆಯಂತೆ. ಬಂದ ಗುಂಡಿಗೆ ಪೆಟ್ಟಿಗೆಯೇ ಹೊರಕ್ಕೆ ಸಿಡಿದು ಎದುರೇಟು ಕೊಡುತ್ತದೆ. ಕಳ್ಳ ಬಾರದಂತೆ ಮನೆಯ ಗೋಡೆಗೆ ಗರ್ನಾಲು ಪಟಾಕಿ ಕಟ್ಟಿಕೊಂಡ ಹಾಗಾಯಿತು ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ಅವರ ಒಬ್ಬಳೇ ಮಗಳು ಫರ್ಹಾನ. ಗಂಡ ಅಸ್ಕರ್ ಮೂಡುಬಿದಿರೆಯವನು, ಶಾಲೆಯ ಬಸ್ಸು ಬಿಡುತ್ತಿದ್ದ. ಒಳ್ಳೆಯ ಹುಡುಗ, ಬಾಯಲ್ಲಿ ಎಲೆಯಡಿಕೆ ಇಲ್ಲದ ಹೊತ್ತಿಲ್ಲ. ಅವನಿಗೆ ಇರಾಕಿನ ಬಸ್ರಾದಲ್ಲಿ ಎಣ್ಣೆ ಬಾವಿಯ ಎಂಜಿನಿಯರುಗಳನ್ನು ಕರೆದೊಯ್ಯುವ ಕೆಲಸ ಸಿಕ್ಕಿತು. ಗುಂಡು ತಡೆಯುವ ಗಾಡಿ ಎಂದಾಗಲೇ ಫರ್ಹಾನ ಬೇಡವೆಂದಳು. ಗುಂಡು ಬರುವುದಿಲ್ಲವಾದರೆ ಅಂಥ ಗಾಡಿ ಯಾಕೆ ಎಂಬುದು ಅವಳ ಪ್ರಶ್ನೆ.

ಅಸ್ಕರ್ ಗಾಡಿಯ ಫೋಟೋ ತರಿಸಿ ಮಾವನಿಗೆ ತೋರಿಸಿದ. ಮೊಯಿದಿನಬ್ಬ ಕನ್ನಡಕ ಹಾಕಿ, ಬಾಗಿಲಿನ ಕೀಲನ್ನು ದೊಡ್ಡದು ಮಾಡಿ ನೋಡಿದರು. ಮುಖ ಅರಳಿತು. ಶಾರ್ಜಾದ ಅದೇ ಯಾರ್ಡಿನ ಗಾಡಿ.

"ಇದು ನನ್ನ ಕೈಯ ಬೆಸುಗೆ," ಎಂದರು ಮಗಳಿಗೆ. "ಇದರ ಒಳಗೆ ಕೂತವನಿಗೆ ಏನೂ ಆಗುವುದಿಲ್ಲ. ನಾನು ಉಂಟಲ್ಲ?"

ಬಾಪನ ಮಾತನ್ನು ನಂಬಿ ಅವಳು ಗಂಡನನ್ನು ಕಳಿಸಿದಳು.

ಆ ಗಾಡಿಯ ಗಾಜು ಹೆಬ್ಬೆರಳಿಗಿಂತ ದಪ್ಪ, ಕೆಳಗಿಳಿಯುವುದಿಲ್ಲ. ಮೊಯಿದಿನಬ್ಬ ಅಳಿಯನಿಗೆ ಟಯರಿನಿಂದ ಹಿಡಿದು ಎಲ್ಲವನ್ನೂ ಬೋಧಿಸಿದ್ದರು. ಎಲೆಯಡಿಕೆ ತಿಂದವನು ಎಲ್ಲಿ ಉಗುಳಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಅಡಿಕೆ ತಿನ್ನದ ದೇಶದವರು ರೂಪಿಸಿದ ಗಾಡಿ ಅದು. ಅಸ್ಕರ್ ಬಾಗಿಲನ್ನೇ ಒಂದು ಗೇಣು ತೆರೆದು ಉಗುಳುತ್ತಿದ್ದ.

ಹಾಗೆ ಒಂದು ದಿನ ಬಾಗಿಲು ತೆರೆದಾಗಲೇ ಗುಂಡು ಬಂತು.

ಮೊದಲು ಸುದ್ದಿ ಮುಟ್ಟಿಸಿದ್ದು ಅವನ ಜೊತೆಗಾರ: ಗಾಡಿಯ ಮೇಲೆ ಗುಂಡು ಹಾರಿಸಿದ್ದಾರೆ, ಅಸ್ಕರ್ ಆಸ್ಪತ್ರೆಯಲ್ಲಿದ್ದಾನೆ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ. ನಾನು ಪಕ್ಕದ ಮನೆಗೆ ಓಡಿದೆ. ಮೊಯಿದಿನಬ್ಬರ ಹೆಂಡತಿ ಅವ್ವಮ್ಮ ಒಳಗೆ ನಮಾಜಿಗೆ ಕೂತವರು ಏಳಲೇ ಇಲ್ಲ. ಫರ್ಹಾನ ಫೋನನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಮಧ್ಯಾಹ್ನ ಅದು ರಿಂಗಾದದ್ದೇ ಮೊಯಿದಿನಬ್ಬ ಕಸಿದುಕೊಂಡು ಸ್ಪೀಕರ್ ಹಾಕಿದರು.

"ಅಸ್ಕರ್, ಬಾಗಿಲು ಏನಾಯ್ತು?"

"ಬಾಗಿಲಿಗೆ ಏನೂ ಆಗ್ಲಿಲ್ಲ ಮಾಮ. ಬಿದ್ದ ಗುಂಡು ಒಂದೂ ಒಳಗೆ ಬರ್ಲಿಲ್ಲ. ನಾನೇ ತೆಗ್ದದ್ದು, ಉಗುಳ್ಲಿಕ್ಕೆ. ಹೊರಗಿದ್ದ ಕೈಗೆ ಒಂದು ತಾಗಿತು."

ಮೊಯಿದಿನಬ್ಬ ಅಲ್ಹಮ್ದುಲಿಲ್ಲಾ ಎಂದು ಕಣ್ಣು ಮುಚ್ಚಿದರು. ಆ ಮುಖದಲ್ಲಿ ಸಮಾಧಾನವಿತ್ತು, ನಾನು ಕಂಡೆ. ಫರ್ಹಾನಳೂ ಕಂಡಳು. ಅವಳು ಫೋನು ತೆಗೆದುಕೊಂಡು, ಕೈ ಉಂಟಾ ಎಂದು ಕೇಳಿದಳು. ಉಂಟು, ಎಡಗೈಯಲ್ಲಿ ಎರಡು ಬೆರಳು ಇಲ್ಲ ಎಂದ. ಮಾತು ಮುಗಿಸಿ ಅವಳು ಬಾಪನ ಕಡೆ ತಿರುಗಿದಳು.

"ನಿಮ್ಮ ಬಾಗಿಲಿಗೆ ಏನೂ ಆಗ್ಲಿಲ್ಲವಂತೆ ಬಾಪ. ಇನ್ನು ಊಟ ಮಾಡಿ."

ಅವರು ಊಟ ಮಾಡಲಿಲ್ಲ. ಆಮೇಲೆ ನನ್ನ ಹತ್ತಿರ ಹೇಳಿಕೊಂಡರು: ಬಾಗಿಲು ಸೋತಿದ್ದರೆ ಅಳಿಯನನ್ನು ಕೊಂದವರು ತಾವೇ ಆಗುತ್ತಿದ್ದರು, ಆ ಹೆದರಿಕೆಗೆ ಬಾಯಿಂದ ಅದೇ ಮೊದಲು ಬಂತು. ಹಾಗೆಯೇ ಮಗಳಿಗೆ ಹೇಳಿ ಎಂದೆ. ಹೇಳಿದರು. ಅದು ತನಗೆ ಗೊತ್ತು, ಆದರೂ ಅವರು ವಿಚಾರಿಸಿದ್ದು ಅಳಿಯನ ಬಗ್ಗೆ ಅಲ್ಲ, ತಮ್ಮ ಬಗ್ಗೆಯೇ ಎಂದಳಂತೆ. ಆ ಮನೆಯಲ್ಲಿ ಮಾತು ನಿಂತಿತು. ನನಗೂ ಅವರ ಮೇಲೆ ಸಿಟ್ಟಿತ್ತು, ಅಷ್ಟೇ ಮರುಕವೂ ಇತ್ತು.

ಗಾಯ ಮಾಯುತ್ತಲೇ ಅಸ್ಕರ್ ಮತ್ತೆ ಅದೇ ಗಾಡಿ ಹತ್ತುವ ಏರ್ಪಾಡಿನಲ್ಲಿದ್ದ. ಮಾಮನ ಬಾಗಿಲು ಇರುವಾಗ ಹೆದರಿಕೆ ಏನು, ಇನ್ನು ತೆರೆಯದಿದ್ದರಾಯಿತು ಎಂದು ಅವನ ವಾದ. ಫರ್ಹಾನ ಅತ್ತು ನೋಡಿದಳು, ಬೈದು ನೋಡಿದಳು. ಕೊನೆಗೆ ಫೋನನ್ನು ತಂದು ಬಾಪನ ಮುಂದೆ ಹಿಡಿದಳು. ನಾನು ಅಲ್ಲೇ ಚಾ ಕುಡಿಯುತ್ತಿದ್ದೆ.

ಮೊಯಿದಿನಬ್ಬ ಫೋನು ತೆಗೆದುಕೊಂಡರು.

"ಮೋನೆ, ಆ ಬಾಗಿಲು ನಾನು ಮಾಡಿದ್ದಲ್ಲ," ಎಂದರು ಅಳಿಯನಿಗೆ. "ಯಾರು ಮಾಡಿದ್ದೋ ಗೊತ್ತಿಲ್ಲ. ಇವಳು ಒಪ್ಪಲಿ ಅಂತ ಸುಳ್ಳು ಹೇಳಿದ್ದೆ. ಅದನ್ನು ನಂಬಿ ಕೂರ್ಬೇಡ, ಊರಿಗೆ ಬಾ."

ಆಮೇಲೆ ಅಸ್ಕರ್ ಆಡಿದ ಮಾತನ್ನು ಅಳಿಯನಾದವನು ಮಾವನಿಗೆ ಆಡಬಾರದು.

ಅವನು ಬಂದ. ಈಗ ಮತ್ತೆ ಮೂಡುಬಿದಿರೆಯಲ್ಲಿ ಶಾಲೆಯ ಬಸ್ಸು ಬಿಡುತ್ತಾನೆ, ಉಳಿದ ಬೆರಳುಗಳಲ್ಲೇ ಗೇರು ಹಾಕುತ್ತಾನೆ. ಮಾವನೊಡನೆ ಮಾತಿಲ್ಲ. ಕಳೆದ ತಿಂಗಳು ಬೀಗರ ಮನೆಯ ಮದುವೆಗೆ ನನ್ನನ್ನೂ ಕರೆದಿದ್ದರು. ಊಟದ ಹೊತ್ತಿಗೆ ಅಸ್ಕರನ ತಂದೆ ಎಲ್ಲರ ಎದುರು, ನನ್ನ ಮಗನನ್ನು ಸುಳ್ಳು ಹೇಳಿ ಸಾಯಲು ಕಳಿಸಿದವರು ಇವರೇ ಎಂದು ಮೊಯಿದಿನಬ್ಬರನ್ನು ಬೊಟ್ಟು ಮಾಡಿ ತೋರಿಸಿದರು. ಮೊಯಿದಿನಬ್ಬ ಹೌದು ಎಂದು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ, ಆ ಬಾಗಿಲು ಇವರದೇ ಎಂದು ಹೇಳಿಯೇ ಬಿಡುತ್ತೇನೆಂದು ಎದ್ದೆ. ಅವರು ಮೇಜಿನ ಕೆಳಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕೂರಿಸಿದರು.