ಹಿಂದಿನ ಸೀಟಿನ ಸ್ಟೆಪ್ನಿ

ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಚಕ್ರ ಕೂತಿದೆ. ಸುಮ್ಮನೆ ಬಿದ್ದುಕೊಂಡಿಲ್ಲ, ಮನುಷ್ಯರ ಹಾಗೆ ಬೆಲ್ಟು ಹಾಕಿಕೊಂಡು ಕೂತಿದೆ. ಬಯಾನ್ ಲೆಪಾಸಿನಲ್ಲಿ ನಾವಿರುವ ಕಾಂಡೋ ಎಂಬ ಫ್ಲಾಟು ಕಟ್ಟಡದ ಪಾರ್ಕಿಂಗಿನಲ್ಲಿ ಕಂಡವರೆಲ್ಲ ಬಗ್ಗಿ ನೋಡಿ ನಗುತ್ತಾರೆ. ಕೆಳಗಿನ ಮನೆಯ ತಮಿಳು ಹೆಂಗಸು ಒಮ್ಮೆ ಕೇಳಿಯೇ ಬಿಟ್ಟಳು, ಇಷ್ಟು ಚಂದದ ಕಾರಿನಲ್ಲಿ ಇದೆಂಥ ಅವಲಕ್ಷಣ ಎಂದು. ನಮ್ಮ ಯಜಮಾನರು ಇಡಿಸಿದ್ದು ಎಂದೆ. ಅವರು ತೀರಿಕೊಂಡು ವರ್ಷ ದಾಟಿತಲ್ಲ, ಇನ್ನಾದರೂ ತೆಗೆಯಬಹುದಲ್ಲ ಎಂದಳು. ಸತ್ತದ್ದು ಅವರು, ಪಂಕ್ಚರ್ ಆಗುವುದು ನಿಂತಿಲ್ಲವಲ್ಲ ಎಂದೆ.

ಕಾರು ಮಗಳದ್ದು. ಇಲ್ಲಿಯ ಕಂಪ್ಯೂಟರ್ ಚಿಪ್ಪು ಮಾಡುವ ಫ್ಯಾಕ್ಟರಿಯಲ್ಲಿ ಅವಳು ಇಂಜಿನಿಯರು. ಅಳಿಯನ ಕೆಲಸ ಕೌಲಾಲಂಪುರದಲ್ಲಿ, ತಿಂಗಳಿಗೊಮ್ಮೆ ಬರುತ್ತಾನೆ, ಕಾರಿನ ವಿಷಯಕ್ಕೆ ಬಾಯಿ ಹಾಕುವುದಿಲ್ಲ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡು, ಆದರೂ ಅವಳಿಗೆ ಅದರ ಮೇಲೆ ಎಲ್ಲಿಲ್ಲದ ಮೋಹ. ನನಗೇನೂ ಹಿಡಿಸಲಿಲ್ಲ. ಅದರಲ್ಲಿ ಕೂರುವುದೆಂದರೆ ಅರೆಯುವ ಕಲ್ಲಿನ ಮುಂದೆ ಕೂತ ಹಾಗೆ, ನೆಲಕ್ಕೇ ಹತ್ತಿರ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ತಲೆ ತಗ್ಗಿಸಿ ನುಗ್ಗಬೇಕು. ಈ ವಯಸ್ಸಿನಲ್ಲಿ ನಾನು ಕೋಳಿಗೂಡಿಗೆ ಹೊಗುವುದನ್ನು ಕಲಿತೆ.

ಮಗಳಿಗೆ ಈ ಗಾಡಿ ಹುಚ್ಚು ಅಪ್ಪನಿಂದ ಬಂದದ್ದು. ಇವರು ಕುಂದಾಪುರ–ಮಂಗಳೂರು ರೂಟಿನ ಬಸ್ಸಿನ ಡ್ರೈವರು. ಶಾಲೆಗೆ ರಜೆ ಬಂದರೆ ಮಗಳು ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಗೋಣಿ ಹಾಸಿಕೊಂಡು ಕೂರುತ್ತಿದ್ದಳು. ಬೆನ್ನಿಗೆ ಗಾಳಿ, ಅಡಿಗೆ ಬಿಸಿ. ಸಂಜೆ ಮನೆಗೆ ಬಂದರೆ ಡೀಸೆಲ್ ವಾಸನೆ ಹೋಗಲು ಎರಡೆರಡು ಸಲ ಮೀಯಿಸಬೇಕಿತ್ತು. ಮೀಯಿಸುವಾಗಲೂ ಅವಳ ಎಡಗೈ ಗೇರು ಹಾಕುತ್ತಲೇ ಇರುತ್ತಿತ್ತು. ತಲೆಗೆ ಒಂದು ಬಿಡುತ್ತಿದ್ದೆ.

ನಾವಿಬ್ಬರು ಇಲ್ಲಿಗೆ ಬಂದ ಮೇಲೆ ಇವರಿಗೆ ಇದ್ದ ಸುಖ ಒಂದೇ, ಭಾನುವಾರ. ಮಗಳು ಇವರನ್ನು ಮುಂದೆ ಕೂರಿಸಿಕೊಂಡು, ನನ್ನನ್ನೂ ಮೊಮ್ಮಗಳನ್ನೂ ಹಿಂದೆ ತುರುಕಿ, ನಾವಿರುವ ದ್ವೀಪದಿಂದ ಉದ್ದ ಸೇತುವೆ ದಾಟಿ ಆಚೆ ದಡದ ಬಟರ್‌ವರ್ತಿನ ಬಸ್ ಸ್ಟ್ಯಾಂಡಿಗೆ ಒಯ್ಯುತ್ತಿದ್ದಳು. ಬೇರೆಯವರು ಸಮುದ್ರ ತೋರಿಸುತ್ತಾರೆ, ದೇವಸ್ಥಾನ ತೋರಿಸುತ್ತಾರೆ. ಇವರಿಗೆ ಬಸ್ ಸ್ಟ್ಯಾಂಡೇ ಆಗಬೇಕು. ಹತ್ತಿರದ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿಯ ತಮಿಳು ಮುಸಲ್ಮಾನರ ಹೋಟೆಲಿನಲ್ಲಿ, ರೊಟ್ಟಿ, ದಾಲ್, ಎತ್ತಿ ಎತ್ತಿ ಹೊಯ್ದ ಚಹಾ. ಆಮೇಲೆ ಬೆಂಚಿನ ಮೇಲೆ ಕೂತು ಬಸ್ಸು ರಿವರ್ಸ್ ತೆಗೆಯುವುದನ್ನು ನೋಡುವುದು.

"ಕಾಣು, ಕಾಣು ಅವನನ್ನು. ಹಿಂದೆ ನೋಡ್ಲಿಕ್ಕೆ ಕನ್ನಡಿ ಕೊಟ್ಟದ್ದು ಮೀಸೆ ತಿರುವ್ಲಿಕ್ಕಾ?"

"ಅವನಿಗೆ ಮೀಸೆಯೇ ಇಲ್ಲ" ಎನ್ನುತ್ತಿದ್ದೆ ನಾನು.

ಮೊಮ್ಮಗಳಿಗೆ ಹದಿನಾರು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜ, ಎವ್ರಿ ಸಂಡೇ ಸೇಮ್ ಬಸ್ ಲಾ" ಎಂದು ಇಲ್ಲಿಯವರ ಹಾಗೆ ಮಾತಿನ ಬಾಲಕ್ಕೊಂದು ಲಾ ಸೇರಿಸಿ ಗೊಣಗುತ್ತಿದ್ದಳು. ಸೇಮ್ ಅಲ್ಲ, ಇವತ್ತಿನ ಡ್ರೈವರ್ ಬೇರೆ ಎಂದು ಇವರು ಸಮಾಧಾನ ಹೇಳುತ್ತಿದ್ದರು.

ಆ ಕಾರಿನ ಟಯರಿಗೆ ರನ್‌ಫ್ಲಾಟ್ ಎಂದು ಹೆಸರು. ಅದರ ಪಕ್ಕೆ ಎಷ್ಟು ಗಟ್ಟಿಯೆಂದರೆ ಒಳಗಿನ ಗಾಳಿ ಪೂರ್ತಿ ಹೋದರೂ ಕಾರು ಕೂತುಕೊಳ್ಳುವುದಿಲ್ಲ, ನಿಧಾನಕ್ಕೆ ಮನೆ ಮುಟ್ಟಬಹುದು. ಹಾಗಾಗಿ ಸ್ಟೆಪ್ನಿಯನ್ನೇ ಕೊಟ್ಟಿರಲಿಲ್ಲ. ಒಮ್ಮೆ ಮಗಳು ಇಪೋ ಪಟ್ಟಣದಿಂದ ಒಬ್ಬಳೇ ಬರುವಾಗ ಹೈವೇಯಲ್ಲಿ ಮೊಳೆ ಚುಚ್ಚಿತು. ಕಾರಿನ ಮೀಟರಿನಲ್ಲಿ ಕೆಂಪು ದೀಪ ಹತ್ತಿತಂತೆ, ಇವಳು ಮೆಲ್ಲನೆ ಓಡಿಸಿಕೊಂಡು ದೊಡ್ಡ ಪೇಟೆ ಸೇರಿಕೊಂಡಳು. ವಿಷಯ ಕೇಳಿದ್ದೇ ಇವರು ಕೆಳಗೆ ಹೋಗಿ ಆ ಟಯರನ್ನು ಹೆತ್ತ ಹಸುವಿನ ಬೆನ್ನು ಸವರಿದ ಹಾಗೆ ಸವರಿದರು. "ಮರ್ಯಾದಸ್ಥ ಟಯರು ಮಾರಾಯ್ತಿ" ಎಂದರು ನನಗೆ. ನನಗೆ ಎಂದೂ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ.

ಮರುವರ್ಷ ಇವರ ಸೊಂಟದ ಆಪರೇಷನ್ ಆಯಿತು. ಬದುಕಿಡೀ ಡ್ರೈವರ್ ಸೀಟಿನಲ್ಲಿ ಕುಟ್ಟಿಸಿಕೊಂಡ ಬೆನ್ನು, ಇನ್ನೆಷ್ಟು ತಾಳೀತು. ಗುಣವಾದ ಮೇಲೆ ಒಂದು ಭಾನುವಾರ ಹೊರಟೆವು. ಸೇತುವೆಯಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ಸಂದು ಬರುತ್ತದೆ. ಆ ಗಟ್ಟಿ ಟಯರು ಪ್ರತಿ ಸಂದಿಗೂ ಡಬ್ ಎನ್ನುತ್ತದೆ. ಒನಕೆಯಲ್ಲಿ ಕುಟ್ಟಿದ ಹಾಗೆ. ಇವರು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಯಾರಿಗೂ ಬೈಯಲಿಲ್ಲ. ಮುಂದಿನ ವಾರ, "ನನಗೆ ಬಸ್ಸು ನೋಡಿ ಸಾಕಾಯ್ತು. ನೀವು ಹೋಗಿ" ಎಂದರು.

ಆಮೇಲೆ ಬಾಲ್ಕನಿಯಲ್ಲಿ ಕೂತು ಏರ್‌ಪೋರ್ಟಿಗೆ ಇಳಿಯುವ ವಿಮಾನ ನೋಡತೊಡಗಿದರು. ವಿಮಾನವನ್ನು ಬೈಯಲು ಅವರಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಬೈಯದ ಗಂಡಸು ಅರ್ಧ ಹೋದ ಹಾಗೆಯೇ. ನನಗೆ ಅದು ಸಹಿಸಲಾಗಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಮಗಳಿಗೆ ಹೇಳಿಯೇ ಬಿಟ್ಟೆ. "ನಿನ್ನ ಅಪ್ಪನಿಗೆ ಸಾಕಾದದ್ದು ಬಸ್ಸಲ್ಲ, ನಿನ್ನ ಟಯರು. ಸೇತುವೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ರು. ಹಿಂದಿನಿಂದ ನನಗೆ ಕಾಣ್ತದೆ."

"ಹೌದಾ ಅಪ್ಪ?"

"ನಿನ್ನ ಅಮ್ಮನಿಗೆ ಹಿಂದೆ ಕೂತು ಬೇರೆ ಕೆಲಸ ಇಲ್ಲ."

"ಅಪ್ಪ, ಅದಕ್ಕೆಂತ? ನಾರ್ಮಲ್ ಟಯರ್ ಹಾಕಿಸ್ತೇನೆ. ಸಾಫ್ಟ್ ಆಗ್ತದೆ. ಸುಮಾರು ಜನ ಹಾಗೆ ಚೇಂಜ್ ಮಾಡ್ತಾರೆ."

"ಬೇಡ."

"ಯಾಕೆ?"

"ಶಿಫ್ಟ್ ಮುಗಿಸಿ ಹೊತ್ತಲ್ಲದ ಹೊತ್ತಿಗೆ ನೀನು ಒಬ್ಬಳೇ ಬರುದು. ಗಾಳಿ ಹೋದ್ರೆ ಎಂತ ಮಾಡ್ತಿ?"

"ಫೋನ್ ಉಂಟಲ್ಲ ಅಪ್ಪ."

"ಫೋನನ್ನು ಚಕ್ರಕ್ಕೆ ಸಿಕ್ಕಿಸ್ತೀಯಾ?"

ಅಷ್ಟೇ, ಊಟದ ಬಟ್ಟಲು ತೆಗೆದುಕೊಂಡು ಎದ್ದರು. ಸಾಯುವವರೆಗೆ ಬಾಲ್ಕನಿಯಲ್ಲಿ ಕೂತೇನು, ಮಗಳು ದಾರಿಯಲ್ಲಿ ನಿಲ್ಲುವುದು ಬೇಡ, ಇದು ಅವರ ಹಟ. ಮಗಳಿಗೆ ಅದು ಮುದುಕರ ರಗಳೆ ಎನಿಸಿತು. ನನಗೆ ಹಾಗನಿಸಲಿಲ್ಲ, ಯಾಕೆಂದರೆ ಆ ಹಟ ಹುಟ್ಟಿದ ದಿನ ನಾನು ಅಲ್ಲೇ ಇದ್ದೆ.

ಈ ಮಗಳನ್ನು ಹೆರಲು ನಾನು ಉಡುಪಿಯ ಆಸ್ಪತ್ರೆಗೆ ಹೊರಟದ್ದು ಇವರದ್ದೇ ಬಸ್ಸಿನಲ್ಲಿ. ಕಾರು ಮಾಡಿಕೊಂಡು ಹೋಗುವ ಜನ ನಾವಲ್ಲ, ಗಂಡನದ್ದೇ ಬಸ್ಸಿರುವಾಗ ಬೇರೆ ಯಾಕೆ ಎಂದು ಅತ್ತೆ ಕಳಿಸಿದರು. ಸಾಸ್ತಾನದ ಹತ್ತಿರ ಟಯರು ಒಡೆಯಿತು. ಇವರು ಇಳಿದು ನೋಡಿದರೆ ಸ್ಟೆಪ್ನಿ ಇಲ್ಲ. ಬಸ್ಸಿನ ಧಣಿ ಹಿಂದಿನ ದಿನವೇ ಅದನ್ನು ತಮ್ಮ ಇನ್ನೊಂದು ಬಸ್ಸಿಗೆ ಒಯ್ದಿದ್ದರು, ಯಾರೂ ಹೇಳಿರಲಿಲ್ಲ. ನನಗೆ ನೋವು ಸುರುವಾಗಿತ್ತು. ಇವರು ರಸ್ತೆಯ ನಡುವೆ ಎರಡು ಕೈ ಚಾಚಿ ನಿಂತು ಒಂದು ಮೀನಿನ ಲಾರಿ ನಿಲ್ಲಿಸಿ ನನ್ನನ್ನು ಹತ್ತಿಸಿದರು. ತಾನು ಬರುವ ಹಾಗಿಲ್ಲ, ಬಸ್ಸಿನ ತುಂಬ ಜನ. ಲಾರಿ ಹೊರಡುವಾಗ ತಿರುಗಿ ನೋಡಿದೆ. ಒಂದು ಪಕ್ಕಕ್ಕೆ ವಾಲಿದ ಬಸ್ಸು, ಅದರ ಮುಂದೆ ಇವರು. ಆ ಮುಖವನ್ನು ನಾನು ಮತ್ತೆ ಕಂಡದ್ದು ಆ ಊಟದ ದಿನ.

ಆಸ್ಪತ್ರೆ ಮುಟ್ಟಿದೆ, ಮಗು ಹುಟ್ಟಿತು. ನರ್ಸಮ್ಮ ಮೂಗು ಹಿಂಡಿಕೊಂಡು, "ಎಂತದಮ್ಮ, ಬಂಗುಡೆ ಹೆತ್ತೆಯಾ?" ಎಂದಳು.

ಅಂದಿನಿಂದ ಇವರು ಬೆಳಿಗ್ಗೆ ಸ್ಟೇರಿಂಗಿನ ಎದುರು ಕೂತು ಮೊದಲು ಕೂಗುತ್ತಿದ್ದುದು ಕ್ಲೀನರಿಗೆ, "ಸ್ಟೆಪ್ನಿ ಉಂಟಾ?" ಅವನು ಹೋಗಿ ಮುಟ್ಟಿ ನೋಡಿ, "ಉಂಟು!" ಎಂದು ಕೂಗಬೇಕು. ಆಮೇಲೆಯೇ ಬಸ್ಸು ಸ್ಟಾರ್ಟು. ಕೆಲಸ ಬಿಡುವವರೆಗೆ ಒಂದು ದಿನವೂ ಇದು ತಪ್ಪಿದ್ದಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಮೀನಿನ ಲಾರಿ ಅವಳಿಗೆ ಗೊತ್ತಿತ್ತು, ಸ್ಟೆಪ್ನಿ ಗೊತ್ತಿರಲಿಲ್ಲ. ಅಪ್ಪನ ಹತ್ತಿರ ಹೋಗಿ, "ಸ್ಟೆಪ್ನಿ ಇಟ್ಕೊಂಡ್ರೆ ಆಗ್ತದಾ ಅಪ್ಪ?" ಎಂದಳು.

"ಸ್ಟೆಪ್ನಿ ಇದ್ರೆ ಬೇರೆ ಮಾತು" ಎಂದರು, ವಿಮಾನದ ಕಡೆಯಿಂದ ಮುಖ ತಿರುಗಿಸದೆ.

ಟಯರಿನ ಅಂಗಡಿಯ ಯಜಮಾನ ಚೀನೀಯವ. ರನ್‌ಫ್ಲಾಟ್ ಬಿಚ್ಚುವುದು ಸಲೀಸಲ್ಲ, ಮೆಷಿನ್ ಹಾಕಿ ಒತ್ತಿದರೂ ರಿಮ್ಮಿನಿಂದ ಏಳಲು ಒಪ್ಪಲಿಲ್ಲ, ಅವನು ಬೆವರು ಸುರಿಸಿದ. ಬಿಚ್ಚಿಟ್ಟ ಟಯರನ್ನು ಇವರು ಊರುಗೋಲಿನಿಂದ ಒತ್ತಿ ನೋಡಿದರು, ಜಗ್ಗಲಿಲ್ಲ. ಹೊಸದನ್ನು ಒತ್ತಿದರು, ಒಳಗೆ ಹೋಗಿ ಹೊರಗೆ ಬಂತು. "ಹ್ಞಾ, ಇದು ಟಯರು" ಎಂದರು. ಮರ್ಯಾದಸ್ಥನನ್ನು ಅಷ್ಟು ಬೇಗ ಮರೆತರು.

ಸ್ಟೆಪ್ನಿ ಕೇಳಿದರೆ ಅಂಗಡಿಯವ ಡಿಕ್ಕಿ ತೆರೆದು ತೋರಿಸಿದ. "ಅಂಕಲ್, ದಿಸ್ ಕಾರ್ ನೋ ಸ್ಪೇರ್. ನೋ ಪ್ಲೇಸ್ ಲಾ." ಬದಲಿಗೆ ಒಂದು ಬಾಟಲಿ ಕೊಟ್ಟ. ಪಂಕ್ಚರ್ ಆದರೆ ಅದರೊಳಗಿನದನ್ನು ಟಯರಿಗೆ ಹೊಯ್ದು ಗಾಳಿ ಹಾಕಿದರೆ ತೂತು ಮುಚ್ಚುತ್ತದಂತೆ.

"ಇದೆಂತ, ಕೆಮ್ಮಿನ ಮದ್ದಾ? ಸಣ್ಣ ತೂತಿಗೆ ಆದೀತು. ಟಯರೇ ಹರಿದ್ರೆ? ನೋ ಸ್ಟೆಪ್ನಿ, ನೋ ಗೋ" ಎಂದು ಇವರು ಅಂಗಡಿಯ ಕುರ್ಚಿಯಲ್ಲಿ ಕೂತರು. ಏಳುವ ಲಕ್ಷಣ ಇಲ್ಲ.

ಕೊನೆಗೆ ಅಂಗಡಿಯವನೇ ಹಳೆ ಸಾಮಾನಿನವರಿಗೆ ಫೋನ್ ಮಾಡಿ ಆ ಕಾರಿಗೆ ಕೂರುವ ತೆಳ್ಳಗಿನ ಸ್ಟೆಪ್ನಿ, ಜಾಕು, ಪಾನಾ ತರಿಸಿದ. ಜಾಕೂ ಪಾನಾವೂ ಡಿಕ್ಕಿಗೆ ಹೋದವು. ಚಕ್ರ ಹೇಗೆ ತಿರುಗಿಸಿದರೂ ಹೋಗಲಿಲ್ಲ. ಇನ್ನು ಉಳಿದದ್ದು ಹಿಂದಿನ ಸೀಟು.

"ಆದ್ರೆ ನನ್ನ ಮಗಳು ಎಲ್ಲಿ ಕೂರುದು?" ಎಂದು ಮಗಳು ಮೊಮ್ಮಗಳ ಮಾತೆತ್ತಿದಳು. ಮನೆಗೆ ಫೋನ್ ಮಾಡಿ ಕೇಳಿದರೆ ಆ ಹುಡುಗಿ ಕಿರುಚಿದ್ದು ನನಗೂ ಕೇಳಿತು, "ಗಿವ್ ಮೈ ಸೀಟ್ ಲಾ! ಟೇಕ್ ಇಟ್ ಫಾರೆವರ್!"

ಅಷ್ಟಕ್ಕೇ ಇವರು ಬಿಡಲಿಲ್ಲ. ಕಾಂಡೋದ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಮಗಳ ಕೈಯಲ್ಲಿ ಚಕ್ರ ಬಿಚ್ಚಿಸಿ ಹಾಕಿಸಿದರು. "ಜಾಕ್ ಮತ್ತೆ. ಮೊದಲು ಬೋಲ್ಟು ಸಡ್ಲ ಮಾಡು. ಚಕ್ರ ನೆಲದಲ್ಲಿ ಇರುವಾಗ್ಲೇ. ಕೈಯಲ್ಲಿ ಅಲ್ಲ ಮಾರಾಯ್ತಿ, ಪಾನಾದ ಮೇಲೆ ಕಾಲಿಟ್ಟು ತುಳಿ!" ಇಂಜಿನಿಯರ್ ಮೇಡಂ ಕೆನ್ನೆಗೆಲ್ಲ ಮಸಿ ಬಳಿದುಕೊಂಡು ತುಳಿದಳು. ಬಾನೆಟ್ಟಿನ ಮೇಲೆ ಕೂರುತ್ತಿದ್ದ ಕಾಲದ ಮುಖ ಅದು, ನೋಡಿ ಎಷ್ಟೋ ವರ್ಷವಾಗಿತ್ತು.

ಆ ಸ್ಟೆಪ್ನಿ ಇಂದಿನವರೆಗೆ ರಸ್ತೆ ಮುಟ್ಟಿಲ್ಲ. ಅದರ ಪುಣ್ಯವೋ ನಮ್ಮದೋ.

ಭಾನುವಾರ ಬಂತು. ನಾನು ಎಂದಿನಂತೆ ತಲೆ ತಗ್ಗಿಸಿ ಹಿಂದೆ ನುಗ್ಗಿ ಚಕ್ರದ ಪಕ್ಕ ಕೂತೆ. ಹಸಿ ರಬ್ಬರಿನ ವಾಸನೆ, ಹಳೇ ಬಸ್ಸಿನ ಶೆಡ್ಡಿನದ್ದೇ ವಾಸನೆ, ಸೀರೆಗೆ ಹತ್ತಿತು. ಅದಕ್ಕೆ ಬೆಲ್ಟು ಹಾಕಿದೆ, ನಾನೂ ಹಾಕಿಕೊಂಡೆ. ಇವರು ಸೊಂಟ ಹಿಡಿದುಕೊಂಡು ಮೆಲ್ಲನೆ ಮುಂದಿನ ಸೀಟಿಗೆ ಇಳಿದರು. ಮಗಳು ಸ್ಟಾರ್ಟ್ ಗುಂಡಿಗೆ ಕೈ ಹಾಕುವಷ್ಟರಲ್ಲಿ ಇವರು ಕೈ ಎತ್ತಿ ತಡೆದರು. ಹಿಂದೆ ತಿರುಗಲು ಬೆನ್ನು ಬಿಡದು. ಎದುರಿನ ಗಾಜನ್ನೇ ನೋಡುತ್ತ ಕೂಗಿದರು.

"ಸ್ಟೆಪ್ನಿ ಉಂಟಾ?"

ಮುಟ್ಟಿ ನೋಡಿದೆ. ಮುಟ್ಟದೆ ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

"ಉಂಟು, ಹೊರಡಿ" ಎಂದೆ, ಡ್ರೈವರ್ ಅವರಲ್ಲ ಎನ್ನುವುದನ್ನೇ ಮರೆತು.

ಸೇತುವೆಯ ಸಂದುಗಳು ಬಂದವು, ಹೋದವು. ಸದ್ದು ಇತ್ತು, ಪೆಟ್ಟು ಇರಲಿಲ್ಲ. ನಾನು ಅವರ ದವಡೆಯನ್ನೇ ನೋಡುತ್ತಿದ್ದೆ. ಸೇತುವೆ ಮುಗಿಯುವ ಮೊದಲೇ, ಅಡ್ಡ ಬಂದ ಒಂದು ಬಸ್ಸಿನ ಡ್ರೈವರನಿಗೆ ಅವರು ಬಾಯಿ ತುಂಬ ಬೈದರು.